ಪ್ರತಿಕ್ರಿಯೆ: 1998ರ ಎಂಎಂಆರ್ ಪ್ರಬಂಧದಲ್ಲಿ ತಪ್ಪಿದ್ದುದು ನೈತಿಕತೆಯಷ್ಟೇ ಅಲ್ಲ

ನಮಸ್ಕಾರ. ದಡಾರ, ಮಂಗನಬಾವು, ರುಬೆಲ್ಲಾಗಳ ವಿರುದ್ಧ ಮಕ್ಕಳಿಗೆ ಹಾಕಿಸುವ ಎಂಎಂಆರ್ ಲಸಿಕೆಗೂ ಆಟಿಸಂಗೂ (ಮಾತು, ಒಡನಾಟಗಳಲ್ಲಿ ಕಾಣುವ ಬೆಳವಣಿಗೆಯ ಭಿನ್ನತೆ) ನಂಟಿರಬಹುದೆಂದು ಸೂಚಿಸಿದ ಬ್ರಿಟಿಷ್ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪ್ರಬಂಧವನ್ನು ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ 2010ರಲ್ಲಿ ಹಿಂಪಡೆದದ್ದು ನೈತಿಕ ಲೋಪಕ್ಕಷ್ಟೇ, ವಿಜ್ಞಾನವೇನೋ ಸರಿಯಿತ್ತಲ್ಲವೇ ಎಂದು ಕೇಳಿದ್ದೀರಿ. ಸರಿಯಿರಲಿಲ್ಲ. ಅಲ್ಲಿದ್ದವರು 12 ಮಕ್ಕಳು ಮಾತ್ರ. ಹೋಲಿಸಿ ನೋಡಲು ಲಸಿಕೆ ಪಡೆಯದ ಗುಂಪೇ ಇರಲಿಲ್ಲ. ಲಸಿಕೆ ಹಾಕಿಸುವ ವಯಸ್ಸೂ ಆಟಿಸಂ ಲಕ್ಷಣಗಳು ಕಣ್ಣಿಗೆ ಬೀಳತೊಡಗುವ ವಯಸ್ಸೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಒಂದರ ಬೆನ್ನಿಗೇ ಇನ್ನೊಂದು ಬಂತೆಂಬ ಪೋಷಕರ ನೆನಪು, ಅದೆಷ್ಟೇ ಪ್ರಾಮಾಣಿಕವಾಗಿದ್ದರೂ, ಕಾರಣಕ್ಕೆ ಪುರಾವೆಯಾಗದು. 2002ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವು 5,37,303 ಮಕ್ಕಳ ದಾಖಲೆಗಳನ್ನು ಹಿಡಿದು ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿತು. ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ.

ಇನ್ನು ನೈತಿಕತೆಯನ್ನು ಬೇರೆಯೇ ವಿಷಯವೆಂದು ಬದಿಗಿಡುವುದನ್ನು ನಾನು ಒಪ್ಪಲಾರೆ. ಮಕ್ಕಳು ಆಸ್ಪತ್ರೆಗೆ ಒಬ್ಬರ ಹಿಂದೊಬ್ಬರಂತೆ ಸಹಜವಾಗಿ ಬಂದವರೆಂದು ಪ್ರಬಂಧ ಹೇಳಿತ್ತು. ಆದರೆ ಲಸಿಕೆ ತಯಾರಕರ ಮೇಲೆ ದಾವೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರ ಕಡೆಯಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರು, ಹಲವು ಮಕ್ಕಳ ಪೋಷಕರು ಆ ದಾವೆಗೆ ಸೇರಿದವರೇ ಆಗಿದ್ದರು. ಹಾಗೆ ಆಯ್ದ ಗುಂಪಿನ ಫಲಿತಾಂಶ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ಅದು ನೈತಿಕ ಲೋಪವೂ ಹೌದು, ವಿಧಾನದ ದೋಷವೂ ಹೌದು. ವೇಕ್‌ಫೀಲ್ಡ್ ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ತಲಾ 5 ಪೌಂಡ್ ಕೊಟ್ಟು ರಕ್ತ ತೆಗೆಸಿದ ಪ್ರಸಂಗವನ್ನೂ ಬ್ರಿಟನ್ನಿನ ವೈದ್ಯಕೀಯ ಮಂಡಳಿ ತನ್ನ ತೀರ್ಪಿನಲ್ಲಿ ದಾಖಲಿಸಿದೆ.