ಮಿನೆಸೋಟದ ಹಿಮದಲ್ಲಿ ಹಕ್ಕಿಗಳನ್ನು ಎಲ್ಲಿ ಹುಡುಕುವುದು?

ಪ್ರಶ್ನೆ: ನಾವು ಮಿನಿಯಾಪೊಲಿಸ್ ಹತ್ತಿರ ಇದ್ದೇವೆ. ಊರು ಸೊರಬ. ಅಪ್ಪ ಅಮ್ಮ ನವೆಂಬರಿನಲ್ಲಿ ಬಂದಿದ್ದಾರೆ, ಏಪ್ರಿಲ್‌ವರೆಗೆ ಇರುತ್ತಾರೆ. ಅಪ್ಪನಿಗೆ 68 ವರ್ಷ. ಗುಡವಿ, ಮಂಡಗದ್ದೆ ಅಂತ ಹಕ್ಕಿ ನೋಡುತ್ತಲೇ ಬೆಳೆದವರು. ಇಲ್ಲಿ ಕಿಟಕಿ ಪಕ್ಕ ಬೈನಾಕ್ಯುಲರ್ ಹಿಡಿದು ಕೂರುತ್ತಾರೆ. "ಈ ಊರಲ್ಲಿ ಹಕ್ಕಿನೇ ಇಲ್ವಲ್ಲೋ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಮೊಣಕಾಲು ನೋವಿದೆ, ಹಿಮದಲ್ಲಿ ಹೆಚ್ಚು ನಡೆಯಲು ಆಗುವುದಿಲ್ಲ. ಎರಡು ಮೂರು ದಿನ ರಜೆ ಹಾಕಿದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಉತ್ತರ: ಅಪ್ಪನಿಗೆ ಮೊದಲು ಒಂದು ಮಾತು ಹೇಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಅಲ್ವಾ? ಹಿಮಾಲಯದ ಆಚೆಯಿಂದ, ಚಳಿ ತಪ್ಪಿಸಿಕೊಂಡು. ಮಿನೆಸೋಟಕ್ಕೂ ಹಾಗೆಯೇ ಅತಿಥಿಗಳು ಬರುತ್ತಾರೆ. ನಮಗೆ ಇದು ನಡುಗಿಸುವ ಉತ್ತರದ ನಾಡು. ಆರ್ಕ್‌ಟಿಕ್‌ನಲ್ಲಿ ಹುಟ್ಟಿದ ಹಿಮಗೂಬೆಗೆ ಇದೇ ಬೆಚ್ಚಗಿನ ದಕ್ಷಿಣ. ಹಾಗಾಗಿ ನಿಮ್ಮ ತಂದೆ ತಪ್ಪು ಕಾಲದಲ್ಲೇನೂ ಬಂದಿಲ್ಲ. ಇಲ್ಲಿನ ಕೆಲವು ಹಕ್ಕಿಗಳನ್ನು ನೋಡಬೇಕೆಂದರೆ ಚಳಿಗಾಲದಲ್ಲೇ ಬರಬೇಕು.

ಆದರೆ ಹುಡುಕುವ ರೀತಿ ಬದಲಾಗಬೇಕು. ನಮ್ಮ ಊರಲ್ಲಿ ಯಾವ ಮರದ ಕೆಳಗೆ ನಿಂತರೂ ಏನಾದರೂ ಕೂಗುತ್ತದೆ. ಇಲ್ಲಿ ಜನವರಿಯಲ್ಲಿ ಒಂದು ಗಂಟೆ ಕಾಡಲ್ಲಿ ನಡೆದರೂ ಒಂದು ಸದ್ದು ಕೇಳಿಸದೆ ಇರಬಹುದು. ಅಷ್ಟು ಚಳಿಯಲ್ಲಿ ಹಕ್ಕಿಗೆ ಇರುವ ಚಿಂತೆ ಒಂದೇ, ಸಂಜೆಯೊಳಗೆ ಹೊಟ್ಟೆ ತುಂಬಬೇಕು. ಅದಕ್ಕೇ ನೀವು ಹಕ್ಕಿ ಹುಡುಕಬೇಡಿ, ಹಕ್ಕಿಯ ಊಟ ಹುಡುಕಿ. ಕಾಳು ತೂಗುಹಾಕಿದ ಜಾಗ, ಹಣ್ಣು ಉಳಿದ ಮರ, ಹೆಪ್ಪುಗಟ್ಟದ ನೀರು, ಇಲಿ ಓಡಾಡುವ ಬಯಲು. ನಾನು ಹೇಳುವ ಜಾಗಗಳೆಲ್ಲ ಅಂಥವೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸ್ಯಾಕ್ಸ್-ಜಿಮ್ ಎಂಬ ಜೌಗು ಪ್ರದೇಶ. ನಿಮ್ಮ ಮನೆಯಿಂದ ಡುಲುತ್ ನಗರಕ್ಕೆ ಸುಮಾರು 240 ಕಿಲೋಮೀಟರ್. ಅಲ್ಲಿಂದ ವಾಯವ್ಯಕ್ಕೆ ಇನ್ನೊಂದು ಗಂಟೆಯ ದಾರಿ. 53ನೇ ಹೆದ್ದಾರಿಯಲ್ಲಿ ಕಾಟನ್ ಎಂಬ ಸಣ್ಣ ಊರಿಗೆ ಹೋಗಿ ಎಡಕ್ಕೆ ತಿರುಗಿದರೆ ಆಯಿತು. ಸ್ಯಾಕ್ಸ್, ಜಿಮ್ ಎಂಬ ಎರಡು ಪುಟ್ಟ ಊರುಗಳಿಂದ ಬಂದ ಹೆಸರು ಇದು. ಗೇಟು, ಟಿಕೆಟ್ ಇರುವ ಪಾರ್ಕ್ ಅಂದುಕೊಳ್ಳಬೇಡಿ. ಸರ್ಕಾರಿ ಕಾಡು, ಹುಲ್ಲುಗಾವಲು, ರೈತರ ಜಮೀನು, ಮನೆಗಳು ಎಲ್ಲ ಬೆರೆತುಹೋಗಿವೆ. ನಡುವೆ ನೇರವಾದ ಮಣ್ಣಿನ ರಸ್ತೆಗಳು. ನಿಮ್ಮ ತಂದೆಯ ಮೊಣಕಾಲಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಕ್ಕಾಲು ಪಾಲು ಹಕ್ಕಿಗಳನ್ನು ಕಾರಿನಲ್ಲಿ ಕೂತೇ ನೋಡಬಹುದು. ಕಾರಿನೊಳಗೆ ಕೂತ ಮನುಷ್ಯನಿಗೆ ಹಕ್ಕಿಗಳು ಅಷ್ಟಾಗಿ ಹೆದರುವುದೂ ಇಲ್ಲ.

ನಾನು ಮೊದಲ ಸಲ ಹೋದಾಗ ದೊಡ್ಡ ತಪ್ಪು ಮಾಡಿದ್ದೆ. ಒಂದೇ ದಿನದಲ್ಲಿ ಎಲ್ಲ ರಸ್ತೆ ಮುಗಿಸಬೇಕು ಅಂತ ಓಡಾಡಿದೆ. ಸಿಕ್ಕಿದ್ದು ನಾಲ್ಕು ರೇವನ್ ಕಾಗೆ ಮಾತ್ರ. ಮರುದಿನ ಆಡ್ಮಿರಲ್ ರಸ್ತೆಯಲ್ಲಿ ಕಾಳು ತೂಗುಹಾಕಿದ ಒಂದು ಕಡೆ ಎಂಜಿನ್ ನಿಲ್ಲಿಸಿ ಸುಮ್ನೆ ಕೂತೆ. ಮೊದಲ ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬೂದು ಬಣ್ಣದ ಕೆನಡಾ ಜೇ ಒಂದು ಸದ್ದಿಲ್ಲದೆ ತೇಲಿಕೊಂಡು ಬಂತು. ಹಿಂದೆಯೇ ಬೋರಿಯಲ್ ಚಿಕಡಿ ಬಂತು. ಕಂದು ಟೋಪಿಯ, ಹಿಡಿಯಲ್ಲಿ ಅಡಗಿಬಿಡುವಷ್ಟು ಪುಟ್ಟ ಹಕ್ಕಿ. ಅಲ್ಲಿ ಕಾಂಡಗಳಿಗೆ ಕಡಲೆಕಾಯಿ ಬೆಣ್ಣೆ ಸವರಿರುತ್ತಾರೆ, ಸತ್ತ ಜಿಂಕೆಯ ಕೊಬ್ಬು ಕಟ್ಟಿರುತ್ತಾರೆ. ಆ ಚಿಕಡಿ ಅದಕ್ಕಾಗಿಯೇ ಬರುತ್ತದೆ. ಕಾಡಿನಲ್ಲಿ ಅದನ್ನು ಹುಡುಕಿಕೊಂಡು ಹೋದರೆ ದಿನವೆಲ್ಲ ಅಲೆದರೂ ಸಿಗುವುದು ಅನುಮಾನ.

ಮೊದಲು ಔಲ್ ಅವೆನ್ಯೂದಲ್ಲಿರುವ ಸ್ವಾಗತ ಕೇಂದ್ರಕ್ಕೆ ಹೋಗಿ. ಆ ಜೌಗನ್ನು ಉಳಿಸಿಕೊಳ್ಳಲು ಕೆಲಸ ಮಾಡುವ ಫ್ರೆಂಡ್ಸ್ ಆಫ್ ಸ್ಯಾಕ್ಸ್-ಜಿಮ್ ಬಾಗ್ ಎಂಬ ಸಂಸ್ಥೆ ಅದನ್ನು ನಡೆಸುತ್ತದೆ. ತೆರೆದಿರುವ ದಿನ, ಸಮಯ ಮೊದಲೇ ನೋಡಿಕೊಳ್ಳಿ. ಇವತ್ತು ಎಲ್ಲಿ ಏನು ಕಂಡಿದೆ ಅಂತ ಕೇಳಿ, ಖುಷಿಯಿಂದ ಹೇಳುತ್ತಾರೆ. ಅಲ್ಲಿಯ ಕಾಳಿನ ತಟ್ಟೆಗಳಲ್ಲೇ ಗುಲಾಬಿಗೆಂಪು ಪೈನ್ ಗ್ರಾಸ್‌ಬೀಕ್ ಸಿಗಬಹುದು. ಹಳದಿ, ಕಪ್ಪು, ಬಿಳಿ ಮೂರೂ ಇರುವ ಈವ್ನಿಂಗ್ ಗ್ರಾಸ್‌ಬೀಕ್ ಕಂಡರೆ ಸ್ವಲ್ಪ ಹೆಚ್ಚು ಹೊತ್ತು ನೋಡಿ. 1970ರಿಂದ ಈಚೆಗೆ ಅವುಗಳ ಸಂಖ್ಯೆ ತುಂಬಾ ಕುಸಿದಿದೆ.

ದೊಡ್ಡ ಬೂದು ಗೂಬೆಗೆ, ಅಂದರೆ ಗ್ರೇಟ್ ಗ್ರೇ ಔಲ್‌ಗೆ, ಬೆಳಗಿನ ಜಾವ ಮತ್ತು ಸಂಜೆಯ ಹೊತ್ತು ಇಟ್ಟುಕೊಳ್ಳಿ. ಮ್ಯಾಕ್‌ಡೇವಿಟ್ ರಸ್ತೆಯಲ್ಲಿ ನಿಧಾನವಾಗಿ ಹೋಗಿ. ಕಾಡು ಮುಗಿದು ಬಯಲು ಶುರುವಾಗುವ ಅಂಚಿನ ಮರಗಳನ್ನು ಒಂದೊಂದಾಗಿ ನೋಡಿ. ಮುರಿದ ಕಾಂಡದ ತುದಿ ಅಂದುಕೊಂಡದ್ದು ತಲೆ ತಿರುಗಿಸಿದರೆ, ಅದೇ! ಮುಕ್ಕಾಲು ಮೀಟರ್ ಎತ್ತರ, ಆದರೆ ತೂಕ ಸುಮಾರು ಒಂದು ಕಿಲೋ ಅಷ್ಟೇ. ಉಳಿದದ್ದೆಲ್ಲ ಗರಿ. ಹಿಮದ ಅಡಿಯಲ್ಲಿ ಒಂದೂವರೆ ಅಡಿ ಕೆಳಗೆ ಓಡುವ ಇಲಿಯ ಸದ್ದನ್ನು ಅದು ಕೇಳಿಸಿಕೊಳ್ಳುತ್ತದೆ. ಆಮೇಲೆ ಹಾರಿಬಂದು ನೇರವಾಗಿ ಹಿಮದೊಳಗೆ ಧುಮುಕುತ್ತದೆ. ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಉಸಿರು ಬಿಗಿಹಿಡಿದೇ ನೋಡುತ್ತೇನೆ.

ಮಧ್ಯಾಹ್ನ ಗೂಬೆ ಸಿಗದಿದ್ದರೆ ಮರಗಳನ್ನು ನೋಡಿ. ಎಲೆ ಇಲ್ಲದೆ ಒಣಗಿದಂತೆ ಕಾಣುವ ಶಂಕುವಿನಾಕಾರದ ಮರ ಟಮರ್ಯಾಕ್. ಸತ್ತಿಲ್ಲ, ಎಲೆ ಉದುರಿಸಿಕೊಂಡು ನಿಂತಿದೆ. ಅದರ ಅಥವಾ ಸ್ಪ್ರೂಸ್ ಮರದ ತೊಗಟೆ ಹೊಸದಾಗಿ ಸುಲಿದು ಕೆಂಪಗೆ ಕಂಡರೆ ಅಲ್ಲೇ ನಿಲ್ಲಿ, ಕಪ್ಪು ಬೆನ್ನಿನ ಮರಕುಟಿಗ ಹತ್ತಿರದಲ್ಲಿರಬಹುದು. ಮರದ ತುತ್ತತುದಿಯಲ್ಲಿ ಹಾಡುಹಗಲೇ ಕೂತಿರುವುದು ಹಾಕ್ ಔಲ್. ಗೂಬೆಯಾದರೂ ಡೇಗೆಯ ಹಾಗೆ ಹಗಲಲ್ಲೇ ಬೇಟೆಯಾಡುತ್ತದೆ. ಸಂಜೆ ಹೊತ್ತು ಬೋಳು ಆಸ್ಪೆನ್ ಮರದಲ್ಲಿ ಕೋಳಿಯಂಥ ಹಕ್ಕಿ ಮೊಗ್ಗು ತಿನ್ನುತ್ತಿದ್ದರೆ ಅದು ರಫ್ಡ್ ಗ್ರೌಸ್. ಕತ್ತಲಾದ ಮೇಲೆ ಅದು ಮೆತ್ತನೆಯ ಹಿಮದೊಳಗೆ ಧುಮುಕಿ ಅಲ್ಲೇ ಮಲಗುತ್ತದೆ. ಹಿಮವೇ ಅದಕ್ಕೆ ಕಂಬಳಿ.

ಎರಡನೇ ದಿನ ಡುಲುತ್‌ನಲ್ಲೇ ಇರಿ. ಕೆನಾಲ್ ಪಾರ್ಕ್‌ನಲ್ಲಿ ಸುಪೀರಿಯರ್ ಸರೋವರದ ನೀರು ತೆರೆದಿದ್ದರೆ ಉತ್ತರದ ಗಲ್ ಹಕ್ಕಿಗಳು, ಗೋಲ್ಡನ್‌ಐ ಬಾತುಗಳು ಇರುತ್ತವೆ. ಊರೊಳಗಿನ ಬೀದಿಗಳಲ್ಲಿ ಕೆಂಪು ಹಣ್ಣಿನ ಮೌಂಟನ್ ಆ್ಯಶ್, ಕ್ರ್ಯಾಬ್‌ಆ್ಯಪಲ್ ಮರಗಳನ್ನು ನೋಡಿಕೊಂಡು ಹೋಗಿ. ಬೊಹೀಮಿಯನ್ ವ್ಯಾಕ್ಸ್‌ವಿಂಗ್ ಹಿಂಡು ಬಂದಿಳಿದರೆ ಮರ ಪೂರ್ತಿ ಖಾಲಿಯಾಗುವವರೆಗೂ ಬಿಡುವುದಿಲ್ಲ.

ಮೂರನೇ ದಿನಕ್ಕೆ ಮಾಂಟಿಸೆಲ್ಲೊ. ಅದು ನಿಮ್ಮ ಮನೆಯ ಕಡೆಗೇ, ಮಿನಿಯಾಪೊಲಿಸ್‌ನಿಂದ 65 ಕಿಲೋಮೀಟರ್. ಅಣು ವಿದ್ಯುತ್ ಸ್ಥಾವರದಿಂದ ಬರುವ ಬಿಸಿನೀರಿನಿಂದ ಅಲ್ಲಿ ಮಿಸಿಸಿಪ್ಪಿ ನದಿ ಹೆಪ್ಪುಗಟ್ಟುವುದಿಲ್ಲ. 1980ರ ದಶಕದಲ್ಲಿ ಅಲ್ಲಿಯ ನಿವಾಸಿಯೊಬ್ಬರು ಕೆಲವೇ ಟ್ರಂಪೆಟರ್ ಹಂಸಗಳಿಗೆ ಜೋಳ ಹಾಕಲು ಶುರುಮಾಡಿದರು. ಈಗ ಸಾವಿರಗಟ್ಟಲೆ ಬರುತ್ತವೆ. ಒಂದು ಕಾಲದಲ್ಲಿ ಮಿನೆಸೋಟದಲ್ಲಿ ಈ ಹಂಸ ಪೂರ್ತಿ ಇಲ್ಲವಾಗಿತ್ತು. 1960ರ ದಶಕದಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟು ಬೆಳೆಸಿದರು. ನಿಮ್ಮ ತಂದೆಗೆ ಗುಡವಿಯ ಗದ್ದಲ ನೆನಪಾಗುವುದು ಇಲ್ಲಿಯೇ. ನದಿ ಪಕ್ಕದ ಸಣ್ಣ ಪಾರ್ಕಿನಿಂದಲೇ ಕಾಣುತ್ತದೆ, ನಡಿಗೆ ಕಡಿಮೆ.

ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಸಮಯ. ಡಿಸೆಂಬರಿನಲ್ಲಿ ಡುಲುತ್‌ನಲ್ಲಿ ಸಂಜೆ ನಾಲ್ಕೂ ಇಪ್ಪತ್ತಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಚಳಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಜೌಗಿಗಿಂತ ಉತ್ತರದಲ್ಲಿರುವ ಟವರ್ ಎಂಬ ಊರಿನಲ್ಲಿ 1996ರ ಫೆಬ್ರವರಿ 2ರಂದು ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಒಳಗೆ ಹತ್ತಿ ಬಟ್ಟೆ ಬೇಡ, ಬೆವರಿದರೆ ಒದ್ದೆಯಾಗಿ ಇನ್ನಷ್ಟು ಚಳಿ ಹತ್ತುತ್ತದೆ. ಉಣ್ಣೆ ಹಾಕಿಸಿ. ಪೆಟ್ರೋಲ್ ಟ್ಯಾಂಕ್ ತುಂಬಿರಲಿ. ಕಾರಿನಲ್ಲಿ ಕಂಬಳಿ, ಸಲಿಕೆ, ಬುತ್ತಿ, ಫ್ಲಾಸ್ಕಿನಲ್ಲಿ ಕಾಫಿ ಇರಲಿ. ಎಲ್ಲ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಇನ್ನೊಂದು ಮಾತು. ರಸ್ತೆಯ ಅಂಚು ಗಟ್ಟಿಯಾಗಿರುವಂತೆ ಕಾಣುತ್ತದೆ, ಕೆಳಗೆ ಚರಂಡಿ ಇರುತ್ತದೆ. ನಾನು ಒಮ್ಮೆ ಹಾಕ್ ಔಲ್ ನೋಡುವ ಆತುರದಲ್ಲಿ ಕಾರನ್ನು ಬದಿಗೆ ಎಳೆದು ಚರಂಡಿಗೆ ಇಳಿಸಿಬಿಟ್ಟೆ. ಒಬ್ಬ ರೈತರು ಪಿಕಪ್ ತಂದು ಎಳೆದು ಹಾಕುವವರೆಗೆ ಒಂದೂವರೆ ಗಂಟೆ ಮೈನಸ್ 20ರಲ್ಲಿ ಕೂತಿದ್ದೆ. ವಯಸ್ಸಾದವರು ಜೊತೆಗಿದ್ದಾಗ ಹಾಗೆ ಆಗಬಾರದು.

ಪ್ರಶ್ನೆ: ಎರಡು ಚಳಿಗಾಲದಿಂದ ಹಿಮಗೂಬೆ ಹುಡುಕುತ್ತಿದ್ದೇನೆ. ಒಂದೂ ಸಿಕ್ಕಿಲ್ಲ. ಕಾಡಿನಲ್ಲೇ ಜಾಸ್ತಿ ನೋಡಿದ್ದೇನೆ. ಇಲಿ ತಂದು ಬಿಟ್ಟರೆ ಬರುತ್ತದೆ ಅಂತ ಒಬ್ಬರು ಹೇಳಿದರು. ನಿಜವೇ?

ಉತ್ತರ: ಕಾಡು ಬಿಡಿ. ಹಿಮಗೂಬೆ ಮರವೇ ಇಲ್ಲದ ನೆಲದಲ್ಲಿ ಹುಟ್ಟಿ ಬೆಳೆದ ಹಕ್ಕಿ. ಇಲ್ಲಿಗೆ ಬಂದಾಗಲೂ ಅಂಥದ್ದೇ ಜಾಗ ಹುಡುಕುತ್ತದೆ. ವಿಮಾನ ನಿಲ್ದಾಣದ ಬಯಲು, ಡುಲುತ್-ಸುಪೀರಿಯರ್ ಬಂದರು, ಕೊಯ್ಲಾದ ಹೊಲ. ನೆಲದ ಮೇಲೆ ಕೂತ ಬಿಳಿ ಉಂಡೆಯನ್ನು ಹುಡುಕಿ. ವಿದ್ಯುತ್ ಕಂಬದ ತುದಿಯನ್ನೂ ನೋಡಿ.

ಇನ್ನೊಂದು ವಿಷಯ, ಇವು ಪ್ರತಿ ವರ್ಷ ಒಂದೇ ಲೆಕ್ಕದಲ್ಲಿ ಬರುವುದಿಲ್ಲ. 2013-14ರ ಚಳಿಗಾಲದಲ್ಲಿ ಅಮೆರಿಕದ ಪೂರ್ವ ಭಾಗಕ್ಕೂ ಮಹಾ ಸರೋವರಗಳ ಸುತ್ತಲಿಗೂ ಎಷ್ಟೋ ದಶಕಗಳಲ್ಲಿ ಕಾಣದಷ್ಟು ಹಿಮಗೂಬೆ ಬಂದವು. ಒಂದು ಫ್ಲೋರಿಡಾಕ್ಕೂ ಹೋಗಿತ್ತು. ಹಸಿವಿನಿಂದ ಓಡಿಬಂದವು ಅಂತ ಬಹಳ ಜನ ಅಂದುಕೊಂಡಿದ್ದರು. ನಿಜವಾಗಿ ಆ ಬೇಸಿಗೆಯಲ್ಲಿ ಉತ್ತರ ಕ್ವಿಬೆಕ್‌ನಲ್ಲಿ ಲೆಮ್ಮಿಂಗ್ ಇಲಿಗಳು ಹೇರಳವಾಗಿದ್ದವು. ಗೂಡು ತುಂಬಾ ಮರಿಗಳಾಗಿ, ಆ ಮರಿಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಹರಡಿದವು. ದೊಡ್ಡ ಬೂದು ಗೂಬೆಯದು ತಿರುಗಾಮುರುಗಾ ಕಥೆ. 2004-05ರಲ್ಲಿ ಉತ್ತರದಲ್ಲಿ ಇಲಿ ಕಡಿಮೆಯಾಗಿ ಮಿನೆಸೋಟಕ್ಕೆ ಸಾವಿರಾರು ಗೂಬೆಗಳು ಬಂದಿದ್ದವು. ಬೀಜ ತಿನ್ನುವ ಹಕ್ಕಿಗಳದ್ದೂ ಹೀಗೆಯೇ ಏರಿಳಿತ. ಕೆನಡಾದ ಕಾಡಿನಲ್ಲಿ ಬೀಜ, ಕಾಯಿ ಹೇಗಿದೆ ಅಂತ ನೋಡಿ ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ಈ ಹಕ್ಕಿಗಳ ಬಗ್ಗೆ ಫಿಂಚ್ ಮುನ್ಸೂಚನೆ ಹೊರಬರುತ್ತದೆ. ಪ್ರವಾಸ ಗೊತ್ತುಮಾಡುವ ಮೊದಲು ಅದನ್ನು ಓದಿ.

ಇಲಿ ಬಿಡುವ ಕೆಲಸ ಮಾತ್ರ ಖಂಡಿತ ಬೇಡ. ಹಾಗೆ ಮಾಡಿದರೆ ಗೂಬೆ ಕಾರಿನ ಹತ್ತಿರ, ರಸ್ತೆಯ ಹತ್ತಿರ ಬರಲು ಕಲಿಯುತ್ತದೆ. ರಸ್ತೆಯ ಮೇಲೆ ತಗ್ಗಿನಲ್ಲಿ ಹಾರುವ ಗೂಬೆ ಕಾರಿಗೆ ಸಿಕ್ಕಿ ಸಾಯುತ್ತದೆ. ದೂರದಲ್ಲೇ ನಿಲ್ಲಿ. ಅದು ನಿಮ್ಮ ಕಡೆ ಕಣ್ಣು ಪೂರ್ತಿ ತೆರೆದು, ಮೈ ಬಿಗಿಮಾಡಿ ನೋಡಿದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ. ಹಿಂದೆ ಸರಿಯಿರಿ. ಫೋಟೋ ಇಲ್ಲದಿದ್ದರೂ ನೋಡಿದ್ದು ನೋಡಿದ್ದೇ.

ಪ್ರಶ್ನೆ: ಗೂಬೆ ನೋಡಲು ಹೊರಟಿದ್ದೇವೆ ಅಂದರೆ ನಮ್ಮ ಅತ್ತೆ ಬೇಡ ಅನ್ನುತ್ತಾರೆ. ಅಪಶಕುನ ಅಂತ ಅವರ ಭಯ. ಹೇಗೆ ಒಪ್ಪಿಸಲಿ?

ಉತ್ತರ: ವಾದ ಮಾಡಬೇಡಿ. ಅವರ ಭಯ ಚಿಕ್ಕಂದಿನಿಂದ ಬಂದದ್ದು. ಕಾರಿನಲ್ಲಿ ಬೆಚ್ಚಗೆ ಕೂರಿಸಿಕೊಂಡು ಹೋಗಿ, ಮೊದಲು ಹಂಸ ತೋರಿಸಿ, ಜೇ ತೋರಿಸಿ. ಗೂಬೆ ಸಿಕ್ಕಾಗ ಬೈನಾಕ್ಯುಲರ್ ಕೈಗೆ ಕೊಟ್ಟು ಸುಮ್ಮನಿರಿ. ಲಕ್ಷ್ಮಿಯ ವಾಹನ ಗೂಬೆ ಅಂತ ಪೂಜಿಸುವವರೂ ನಮ್ಮ ದೇಶದಲ್ಲೇ ಇದ್ದಾರೆ ಅಂತ ಬೇಕಾದರೆ ಹೇಳಬಹುದು. ಆದರೂ ಒಲ್ಲೆ ಅಂದರೆ ಒತ್ತಾಯ ಬೇಡ.

ಪ್ರಶ್ನೆ: ಅಷ್ಟು ದೂರ ಹೋಗಲು ಆಗುವುದಿಲ್ಲ. ಅಪಾರ್ಟ್‌ಮೆಂಟ್ ಬಾಲ್ಕನಿಗೇ ಹಕ್ಕಿ ಬರುವಂತೆ ಮಾಡಬಹುದೇ? ಅನ್ನ ಹಾಕಿದರೆ ತಿನ್ನುತ್ತವೆಯೇ?

ಉತ್ತರ: ಮೊದಲು ಕಟ್ಟಡದವರ ಅನುಮತಿ ಕೇಳಿ, ಕೆಲವು ಕಡೆ ಬಿಡುವುದಿಲ್ಲ. ಅನ್ನ, ಚಪಾತಿ ಬೇಡ. ಅನ್ನ ನಿಮಿಷಗಳಲ್ಲೇ ಕಲ್ಲಾಗುತ್ತದೆ, ಉಪ್ಪು ಎಣ್ಣೆ ಹಕ್ಕಿಗೆ ಒಳ್ಳೆಯದಲ್ಲ. ಕಪ್ಪು ಸಿಪ್ಪೆಯ ಸೂರ್ಯಕಾಂತಿ ಬೀಜ ಒಂದನ್ನೇ ಹಾಕಿದರೂ ಸಾಕು. ಕೊಬ್ಬಿನ ಅಂಶ ಬೇಕೇಬೇಕು. ಅಂಗಡಿಯಲ್ಲಿ ಸ್ಯೂಯೆಟ್ ಅಂತ ಸಿಗುವ ಬಿಲ್ಲೆ ಸಾಮಾನ್ಯವಾಗಿ ದನದ ಕೊಬ್ಬಿನದು. ಮನೆಯಲ್ಲಿ ಅದು ಬೇಡ ಅನ್ನುವುದಾದರೆ ಉಪ್ಪಿಲ್ಲದ ಕಡಲೆಬೀಜ ಹಾಕಿ, ಮರಕುಟಿಗಕ್ಕೂ ಅದು ಇಷ್ಟ.

ಮೊದಲು ಬರುವುದು ಕಪ್ಪು ಟೋಪಿಯ ಚಿಕಡಿ. ತೂಕ ಸುಮಾರು 11 ಗ್ರಾಂ. ಒಂದೊಂದೇ ಬೀಜ ತೆಗೆದುಕೊಂಡು ಹೋಗಿ ತೊಗಟೆಯ ಸಂದಿಯಲ್ಲಿ ಬಚ್ಚಿಡುತ್ತದೆ, ಎಲ್ಲಿಟ್ಟಿದ್ದೇನೆ ಅಂತ ನೆನಪೂ ಇಟ್ಟುಕೊಳ್ಳುತ್ತದೆ. ರಾತ್ರಿ ತನ್ನ ಮೈಬಿಸಿಯನ್ನು ಸುಮಾರು 10 ಡಿಗ್ರಿ ಇಳಿಸಿಕೊಂಡು ಶಕ್ತಿ ಉಳಿಸುತ್ತದೆ. ಅದಕ್ಕೇ ಬೆಳಕು ಹರಿಯುವ ಹೊತ್ತಿಗೆ ಅದಕ್ಕೆ ವಿಪರೀತ ಹಸಿವು. ತಟ್ಟೆಯನ್ನು ಹಿಂದಿನ ಸಂಜೆಯೇ ತುಂಬಿಸಿಡಿ. ಎರಡು ವಾರಕ್ಕೊಮ್ಮೆ ತೊಳೆಯಿರಿ, ಇಲ್ಲದಿದ್ದರೆ ಹಕ್ಕಿಗಳಲ್ಲಿ ರೋಗ ಹರಡುತ್ತದೆ. ಕಿಟಕಿ ಗಾಜಿನಿಂದ ಒಂದು ಮೀಟರಿನೊಳಗೇ ತೂಗುಹಾಕಿ. ಅಷ್ಟು ಹತ್ತಿರದಿಂದ ಹಾರಿದರೆ ಗಾಜಿಗೆ ಜೋರಾಗಿ ಬಡಿಯುವುದಿಲ್ಲ.

ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಕೂತು ಎಣಿಸಿ ಇಬರ್ಡ್ ಎಂಬ ವೆಬ್‌ಸೈಟಿಗೆ ಸೇರಿಸಿದರೆ ಆಯಿತು. ಅದೇ ನಾಲ್ಕು ದಿನ ಕರ್ನಾಟಕದಲ್ಲೂ ಜನ ಎಣಿಸುತ್ತಾರೆ. ಊರಿನಲ್ಲಿರುವ ಅಣ್ಣನಿಗೋ ತಂಗಿಗೋ ಮೊದಲೇ ಹೇಳಿಡಿ. ಅವರು ಹಿತ್ತಲಲ್ಲಿ ಪಿಕಳಾರ ಎಣಿಸಲಿ, ನೀವು ಬಾಲ್ಕನಿಯಲ್ಲಿ ಚಿಕಡಿ ಎಣಿಸಿ, ಸಂಜೆ ಫೋನಿನಲ್ಲಿ ಪಟ್ಟಿ ಓದಿ ಹೇಳಿಕೊಳ್ಳಿ.