ಕಛೇರಿಗಾಗಿ ಪಾಠವನ್ನೂ ಪುರಾಣದ ಹಾಡಿಕೆಯನ್ನೂ ಬಿಡಬೇಕೇ?

ಮಕ್ಕಳಿಗೆ ಪಾಠ ಹೇಳುವುದರಲ್ಲಿ, ಶ್ರಾವಣದ ಪುರಾಣ-ಪ್ರವಚನಗಳಲ್ಲಿ ಹಾಡುವುದರಲ್ಲಿ ರಿಯಾಜಿನ (ಸ್ವಂತ ಅಭ್ಯಾಸದ) ಸಮಯವೆಲ್ಲ ಹೋಗುತ್ತಿದೆ, ಎರಡನ್ನೂ ಬಿಟ್ಟು ಕಛೇರಿಗಷ್ಟೇ ಸಿದ್ಧನಾಗಲೇ ಎಂದು ಕೇಳಿದ್ದೀರಿ. ನಾನು ಕಲಬುರಗಿಯವನು, ಹಿಂದೂಸ್ತಾನಿ ಸಂಗೀತದ ಖಯಾಲ್ ಶೈಲಿಯಲ್ಲಿ ಹಾಡುವವನು. ನಿಮ್ಮಂತೆಯೇ ಯೋಚಿಸಿ ಒಮ್ಮೆ ಪಾಠ ನಿಲ್ಲಿಸಿದ್ದೆ.

ನಿಲ್ಲಿಸಿದ ಮೇಲೆ ಗಂಟಲು ಹಗುರವಾಯಿತು, ತಾನುಗಳಿಗೆ, ಅಂದರೆ ಓಡುವ ಸ್ವರಸಾಲುಗಳಿಗೆ, ವೇಗ ಬಂತು. ಅದೇ ಧೈರ್ಯದಲ್ಲಿ ಒಂದು ಮಠದ ಬೆಳಗಿನ ಸಂಗೀತ ಸೇವೆಗೆ ದೇಶಕಾರ ರಾಗವನ್ನು ಎತ್ತಿಕೊಂಡೆ. ದೇಶಕಾರಕ್ಕೂ ಭೂಪಕ್ಕೂ ಅವೇ ಐದು ಸ್ವರಗಳು: ಸ, ರಿ (ರಿಷಭ), ಗ (ಗಾಂಧಾರ), ಪ, ಧ (ಧೈವತ). ಭೂಪದ ಜೀವ ಗಾಂಧಾರದಲ್ಲಿದೆ, ಅದು ರಾತ್ರಿಯ ಮೊದಲ ಪ್ರಹರದ ರಾಗ; ದೇಶಕಾರದ ಜೀವ ಧೈವತದಲ್ಲಿದೆ, ಬೆಳಗಿನ ಆ ರಾಗದ ಬಢತ್ (ಹಂತಹಂತದ ವಿಸ್ತಾರ) ಬಹುಪಾಲು ಸಪ್ತಕದ ಮೇಲ್ಭಾಗದಲ್ಲೇ ನಡೆಯಬೇಕು, ರಿಷಭವನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು. ನಾನು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಗಾಂಧಾರದ ಮೇಲೆ ನಿಂತೆ. ಅಲ್ಲಿ ನಿಂತದ್ದು ಹಿತವೆನಿಸಿ ಮತ್ತೆ ಮತ್ತೆ ಅಲ್ಲಿಗೇ ಬಂದೆ, ಇಳಿಯುವಾಗ ರಿಷಭದ ಮೇಲೂ ತಂಗಿದೆ. ಪೇಟಿ (ಹಾರ್ಮೋನಿಯಂ) ನುಡಿಸುತ್ತಿದ್ದ ಹಿರಿಯರು ಧೈವತವನ್ನು ಒತ್ತಿ ಹಿಡಿದು ನನ್ನನ್ನು ಮೇಲಕ್ಕೆ ಕರೆಯುತ್ತಲೇ ಇದ್ದರು; ನನಗೆ ಕೇಳಿಸಲೇ ಇಲ್ಲ. ಗದ್ದುಗೆಯ ಎದುರು, ಎಳೆಬಿಸಿಲಿನ ಹೊತ್ತಿನಲ್ಲಿ, ರಾತ್ರಿಯ ಭೂಪ ಹಾಡಿ ಎದ್ದೆ. ಆ ಮಠದಿಂದ ಮತ್ತೆ ಕರೆ ಬರಲಿಲ್ಲ, ಅಂದು ಬಂದಿದ್ದ ಸಂಘಟಕರೂ ಕಛೇರಿಯ ಮಾತು ಮುಂದುವರಿಸಲಿಲ್ಲ.

ಪಾಠ ನಡೆಯುತ್ತಿದ್ದ ಕಾಲದಲ್ಲಿ ಹೀಗಾಗುತ್ತಿರಲಿಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ. ಭೂಪ ಕಲಿಯುವ ಹುಡುಗನನ್ನು ದಿನವೂ 'ಧೈವತದಲ್ಲಿ ನಿಲ್ಲಬೇಡಪ್ಪಾ, ಗಾಂಧಾರಕ್ಕೆ ಬಾ' ಎಂದು ತಿದ್ದುವವನಿಗೆ ಯಾವ ರಾಗ ಯಾವ ಸ್ವರದಲ್ಲಿ ತಂಗುತ್ತದೆ ಎಂಬುದು ಕಿವಿಯಲ್ಲೇ ಕೂತಿರುತ್ತದೆ. ಶಿಷ್ಯರ ತಪ್ಪು ಹಿಡಿಯುವ ಕಿವಿಯೇ ನನ್ನನ್ನೂ ಕಾಯುತ್ತಿತ್ತು. ಒಬ್ಬನೇ ಕೂತು ಮಾಡಿದ ರಿಯಾಜಿನಲ್ಲಿ ಗಂಟಲು ಬೆಳೆಯಿತು, ಕಿವಿ ಸೊರಗಿತು. ಹಾಗಾಗಿ ಪಾಠದಿಂದ ರಿಯಾಜು ಕೆಡುತ್ತದೆ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ.

ಪುರಾಣದ ಹಾಡಿಕೆಯನ್ನು ಕೀಳಾಗಿ ಕಾಣುವುದಂತೂ ನನಗೆ ನೋವಿನ ವಿಷಯ. ಪ್ರವಚನಕಾರರು ಮಾತು ನಿಲ್ಲಿಸಿದ ಕೂಡಲೇ ಆ ಪ್ರಸಂಗಕ್ಕೆ ಒಪ್ಪುವ ವಚನವನ್ನೋ ತತ್ವಪದವನ್ನೋ ಎತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ರಾಗದ ಮುಖ ಕಾಣಿಸಬೇಕು; ಮೈಕು ಕೈಕೊಟ್ಟರೂ ಹಿಂದೆ ಕೂತ ತಾಯಂದಿರಿಗೆ ಸಾಹಿತ್ಯ ತಿಳಿಯಬೇಕು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ಶಿವಪೂಜೆ ಮಾಡಿದರು, ಪುರಾಣಗಳನ್ನು ಬರೆದರು, ಕಛೇರಿಗಳನ್ನೂ ನಡೆಸಿದರು. ಸ್ವತಃ ಕಣ್ಣು ಕಾಣದ ಆ ಪೂಜ್ಯರು ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ನಾನು ಶರಣಬಸವೇಶ್ವರರ ಭಕ್ತ. ದೇವರ ಮುಂದೆ ಹಾಡಿದ್ದು ವ್ಯರ್ಥವಾಯಿತೆಂದು ನನಗೆ ಎಂದೂ ಅನ್ನಿಸಿಲ್ಲ.

ಶಿಷ್ಯರು ಹೆಚ್ಚಾಗಿದ್ದರೆ ಕಡಿಮೆ ಮಾಡಿಕೊಳ್ಳಿ, ಪೂರ್ತಿ ಬಿಡಬೇಡಿ. ಹೊಸದಾಗಿ ಸ್ವರ ಹಚ್ಚುವ ಒಂದಿಬ್ಬರು ಚಿಕ್ಕ ಮಕ್ಕಳಾದರೂ ನಿಮ್ಮ ಬಳಿ ಇರಲಿ. ಈ ಶ್ರಾವಣಕ್ಕೆ ಕರೆ ಬಂದಿದ್ದರೆ ಒಪ್ಪಿಕೊಂಡು ತಬಲಾದವರಿಗೂ ಇಂದೇ ತಿಳಿಸಿ; ಇಬ್ಬರ ಸಂಭಾವನೆಯನ್ನು ಮಾತ್ರ ಪುರಾಣ ಆರಂಭವಾಗುವ ಮೊದಲೇ ಸ್ಪಷ್ಟವಾಗಿ ಮಾತಾಡಿಕೊಳ್ಳಿ.