ನಿಮ್ಮ ಮಗಳು ಮಾಡಿದ್ದು ಸರಿ

ಓದುಗರ ಪತ್ರ: ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ನಾವು ಹೋಗಿದ್ದಾಗ ಇಂದಿರಾನಗರದ ಒಂದು ಇಟಾಲಿಯನ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಜೋರು ಸಂಗೀತ, ಒಬ್ಬರ ಮಾತು ಒಬ್ಬರಿಗೆ ಕೇಳದು. ಪಾಸ್ತಾ ಅರ್ಧ ಬೆಂದಿತ್ತು. ನಮ್ಮವರು ‘ಇನ್ನೊಂದು ಸಲ ಬೇಯಿಸಿ’ ಎಂದು ವಾಪಸ್ ಕಳಿಸಿದರು. ಮಗಳ ಮುಖ ಸಣ್ಣದಾಯಿತು. ಕೊನೆಗೆ ಬಂದ ಕಾಫಿ ಎರಡೇ ಗುಟುಕು, ಅದೂ ಬರೀ ಕಹಿ. ಬಿಲ್ಲು ನೋಡಿ ಎದೆ ಧಸಕ್ಕೆಂದಿತು. ಪರದೇಶದ ಊಟಕ್ಕೆ ಈ ಮಕ್ಕಳಿಗೆ ಯಾಕಿಷ್ಟು ಹುಚ್ಚು? ನಮ್ಮ ಊಟ ಸಾಲದೇ? – ಓದುಗಿ, ಗೋಣಿಕೊಪ್ಪ

ಸಂಪಾದಕರ ಉತ್ತರ:

ಅಕ್ಕಾ, ಬಿಲ್ಲಿನ ಮಾತು ಮೊದಲು ಮುಗಿಸಿಬಿಡೋಣ. ನೀವು ಹೇಳಿದ್ದು ನಿಜ. ಇಂಥ ಕಡೆ ಊಟದ ಜೊತೆಗೆ ಜಾಗದ ಬಾಡಿಗೆಯನ್ನೂ ನಾವೇ ಕಟ್ಟುತ್ತೇವೆ. ಸಂಗೀತದ ದೂರನ್ನೂ ಒಪ್ಪಿದೆ. ಉಳಿದದ್ದರಲ್ಲೆಲ್ಲ ನಾನು ನಿಮ್ಮ ಮಗಳ ಕಡೆ.

ಆ ಪಾಸ್ತಾ ಅರ್ಧ ಬೆಂದದ್ದಲ್ಲ, ಬೇಯಬೇಕಾದಷ್ಟೇ ಬೆಂದಿತ್ತು. ಒಣ ಪಾಸ್ತಾ ಮಾಡುವುದು ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆಯಿಂದ. ಹಲ್ಲಿಗೆ ಸ್ವಲ್ಪ ಬಿಗಿ ಸಿಗುವಾಗಲೇ ನೀರಿನಿಂದ ತೆಗೆಯಬೇಕು. ಮತ್ತೆ ಬೇಯಿಸಿದರೆ ಅದು ಮುದ್ದೆ. ನಿಮ್ಮ ಮನೆಯ ನೂಪುಟ್ಟಿನ, ಅಂದರೆ ಅಕ್ಕಿ ಶಾವಿಗೆಯ, ಎಳೆಗಳು ಅಂಟಿಕೊಂಡು ಮುದ್ದೆಯಾದರೆ ನೀವು ನೆಂಟರಿಗೆ ಬಡಿಸುತ್ತೀರಾ? ಹದದ ವಿಷಯದಲ್ಲಿ ಇಟಲಿಯವರೂ ನಮ್ಮಷ್ಟೇ ಹಟದವರು. ಭಾವನಿಗೆ ಇದನ್ನು ನನ್ನ ಹೆಸರು ಹೇಳಿಯೇ ತಿಳಿಸಿ. ಮಗಳ ಮುಖ ಸಣ್ಣದಾದದ್ದು ನಾಚಿಕೆಯಿಂದಲ್ಲ. ತನಗೆ ಇಷ್ಟವಾದದ್ದನ್ನು ಅಪ್ಪ ಅಮ್ಮನಿಗೂ ತಿನ್ನಿಸಬೇಕೆಂದು ಆಸೆಪಟ್ಟು ಕರೆದುಕೊಂಡು ಹೋಗಿದ್ದಳು, ಅಲ್ವಾ?

ಪರದೇಶದ ಊಟ ಎಂದಿರಿ. ಇಟಲಿಯವರ ಟೊಮೆಟೊ ಇಟಲಿಯದಲ್ಲ. ಅದು ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಯುರೋಪಿಗೆ ಬಂದದ್ದು. ನಮ್ಮ ಮೆಣಸಿನಕಾಯಿಯ ಮೂಲವೂ ಅದೇ ಖಂಡ. ಇನ್ನು ಕಾಫಿ. ಕೊಡಗಿನಲ್ಲಿ ದೊಡ್ಡ ದೊಡ್ಡ ತೋಟಗಳು ಎದ್ದದ್ದು 1850ರ ದಶಕದಿಂದ ಈಚೆಗೆ, ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ. ಇವತ್ತು ಕಾಫಿ ಇಲ್ಲದ ಕೊಡಗನ್ನು ಯಾರೂ ನೆನೆಸಿಕೊಳ್ಳಲಾರರು. ಹೊರಗಿನಿಂದ ಬಂದದ್ದನ್ನು ತಿನ್ನಬಾರದು ಎಂದು ಹೊರಟರೆ ಒಲೆಯ ಮೇಲೆ ಇಡುವುದಕ್ಕೆ ಜಾಸ್ತಿ ಏನೂ ಉಳಿಯುವುದಿಲ್ಲ.

ಈಗ ಆ ಕಹಿ ಕಾಫಿಯ ವಿಷಯ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು ಅಲ್ಲಿ. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಹಬೆಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಕಪ್ಪಿಗೆ ಇಳಿಸುವ ಹಾಗೆ ಸುಧಾರಿಸಿದರು. ನಿಮಗೆ ಬಂದ ಆ ಎರಡು ಗುಟುಕಿನ ಕಾಫಿ, ಎಸ್ಪ್ರೆಸೊ, ಹುಟ್ಟಿದ್ದು ಹೀಗೆ. ಅದರ ಮೇಲೆ ದಪ್ಪಗೆ ಕಂದು ನೊರೆ ನಿಲ್ಲಬೇಕು, ಬಾಯಲ್ಲಿ ಭಾರ ಸಿಗಬೇಕು. ಇದಕ್ಕಾಗಿ ಇಟಲಿಯ ಎಷ್ಟೋ ಕಾಫಿ ಹುರಿಯುವವರು ಅರೇಬಿಕಾ ಜಾತಿಯ ಬೀಜದ ಜೊತೆ ರೊಬಸ್ಟಾ ಜಾತಿಯದನ್ನು ಬೆರೆಸುತ್ತಾರೆ. ತೊಳೆದು ಒಣಗಿಸಿದ ಭಾರತದ ರೊಬಸ್ಟಾಕ್ಕೆ ಅಲ್ಲಿ ಒಳ್ಳೆಯ ಹೆಸರಿದೆ. ವರ್ಷಗಳಿಂದ ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುತ್ತಿರುವ ದೇಶ ಇಟಲಿ. ಭಾರತದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆ ನಮ್ಮ ಕೊಡಗು. ಮಿಲಾನಿನ ಮನುಷ್ಯ ಬೆಳಿಗ್ಗೆ ನಿಂತಲ್ಲೇ ಕುಡಿದು ಕೆಲಸಕ್ಕೆ ಓಡುವ ಕಾಫಿಯಲ್ಲಿ ನಮ್ಮ ಸಿದ್ದಾಪುರದ, ಪೊನ್ನಂಪೇಟೆಯ ಮಣ್ಣಿನ ರುಚಿ ಇರಬಹುದು. ನಾವು ಮಾತ್ರ ಅದನ್ನು ಕಹಿ ಎಂದು ಬದಿಗೆ ಸರಿಸುತ್ತೇವೆ.

ನಮ್ಮಲ್ಲಿ ಏನು ನಡೆಯುತ್ತಿದೆ ನೋಡಿ. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಮೂಟೆಗಳು ಲಾರಿ ಹತ್ತುತ್ತವೆ. ಬೆಳೆದವರ ಅಡುಗೆಮನೆಗೆ ಬರುವುದು ಚಿಕೋರಿ ಬೆರೆಸಿದ ಪೇಟೆಯ ಕಾಫಿ ಪುಡಿ. ಕಾನೂನಿನ ಪ್ರಕಾರ ಅಂಥ ಮಿಶ್ರಣದಲ್ಲಿ 100ಕ್ಕೆ 51 ಪಾಲು ಕಾಫಿ ಇದ್ದರೆ ಸಾಕು, ಮಿಕ್ಕಿದ್ದು ಚಿಕೋರಿ ಆಗಬಹುದು. ಮಳೆ, ಆನೆ, ಕಾಂಡಕೊರಕ ಎಲ್ಲ ತಡೆದುಕೊಂಡು ಬೆಳೆದ ಕಾಫಿಯನ್ನು ಬೆಳೆದವರೇ ಶುದ್ಧವಾಗಿ ಕುಡಿಯುವುದಿಲ್ಲ. ಇದು ನನಗೆ ತಡೆಯಲಾಗದ ಸಂಗತಿ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಈ ಊರಿನದ್ದೇ ಎಂಬ ಕಾನೂನಿನ ಗುರುತು, ಸಿಕ್ಕಿತು. ಆ ಕಾಫಿ ಎಷ್ಟು ಮನೆಗಳಲ್ಲಿ ಕುದಿಯುತ್ತಿದೆ?

ಇಟಲಿಯವರನ್ನು ನಾನು ಮೆಚ್ಚುವುದು ಅವರು ತಮ್ಮದನ್ನು ತಾವೇ ಕಾಪಾಡಿಕೊಳ್ಳುತ್ತಾರೆ ಎಂಬ ಕಾರಣಕ್ಕೇ. ಮೊಡೆನಾ ಊರಿನಲ್ಲಿ ದ್ರಾಕ್ಷಿರಸ ಕಾಯಿಸಿ ಬಾಲ್ಸಮಿಕ್ ಎಂಬ ಕಪ್ಪು ಹುಳಿ ಮಾಡುತ್ತಾರೆ. ಸಾಂಪ್ರದಾಯಿಕ ಎಂದು ಮಾರಬೇಕಾದರೆ ಅದು ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಇರಲೇಬೇಕು. ಇನ್ನೂ ಮೇಲಿನ ದರ್ಜೆಗೆ 25 ವರ್ಷ. ನಮ್ಮ ಕಾಚಂಪುಳಿ ಏನು ಕಡಿಮೆ? ಮಳೆಗಾಲದಲ್ಲಿ ಉದುರಿದ ಪುಳಿ ಹಣ್ಣು ಆಯ್ದು, ಬುಟ್ಟಿಯಲ್ಲಿಟ್ಟು ರಸ ಇಳಿಸಿ, ಅದು ಕಪ್ಪಾಗಿ ಗಟ್ಟಿಯಾಗುವ ತನಕ ಕುದಿಸಿ ಮಾಡಿದ್ದು. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಅವರ ಬಾಟಲಿಗೆ ಕಾನೂನಿನ ಕಾವಲಿದೆ. ನಮ್ಮಲ್ಲಿ ರಸ್ತೆ ಬದಿಯಲ್ಲಿ ನೀರಾದ ಬಾಟಲಿ ಕೊಂಡು ಮೋಸ ಹೋದ ಪ್ರವಾಸಿಗರು ‘ಕಾಚಂಪುಳಿ ಎಂದರೆ ಇಷ್ಟೇನಾ’ ಎಂದು ಕೇಳುತ್ತಾರೆ.

1986ರಲ್ಲಿ ರೋಮ್ ನಗರದ ಸ್ಪ್ಯಾನಿಷ್ ಮೆಟ್ಟಿಲುಗಳ ಹತ್ತಿರ ಮೆಕ್‌ಡೊನಾಲ್ಡ್ಸ್ ಅಂಗಡಿ ಬಂತು. ಅದನ್ನು ವಿರೋಧಿಸಿದವರು ಜನರಿಗೆ ಪೆನ್ನೆ ಪಾಸ್ತಾ ಹಂಚಿದರು. ಅಂಗಡಿಯನ್ನು ತಡೆಯಲಾಗಲಿಲ್ಲ. ಆದರೆ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಕಟ್ಟಿದ ಸ್ಲೋ ಫುಡ್ ಚಳವಳಿ ಊರೂರಿನ ಧಾನ್ಯ, ಚೀಸು, ಹಣ್ಣುಗಳನ್ನು ಹುಡುಕಿ ಉಳಿಸುತ್ತಾ ಲೋಕವೆಲ್ಲ ಹಬ್ಬಿತು. ನೇಪಲ್ಸ್ ಊರಿನ ಪಿಜ್ಜಾ ಮಾಡುವವರ ಕಸುಬು 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಒಲೆಯ ಮುಂದೆ ಬೆವರು ಸುರಿಸುವವರಿಗೆ ಸಿಕ್ಕ ಗೌರವ ಅದು.

ನಮ್ಮ ಹೋಂಸ್ಟೇಗಳಿಗೆ ಬನ್ನಿ. ಅಂಗಳದ ಆಚೆ ಮರಕೆಸ ಬೆಳೆದಿರುತ್ತದೆ, ಬಿದಿರು ಮೆಳೆಯಲ್ಲಿ ಕಳಲೆ ಮೂಡಿರುತ್ತದೆ. ಒಳಗೆ ಮೇಜಿನ ಮೇಲೆ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ. ಕೇಳಿದರೆ ‘ಬಂದವರಿಗೆ ಅದೇ ಬೇಕು’ ಎನ್ನುತ್ತಾರೆ. ಬಂದವರಿಗೆ ಕಳಲೆಯ ಬೈಂಬಳೆ ಕರಿ ಗೊತ್ತೇ ಇಲ್ಲದಿದ್ದರೆ ಅವರು ಕೇಳುವುದಾದರೂ ಹೇಗೆ? ಅಣಬೆಯ ಕುಮ್ಮು ಕರಿ, ಅಕ್ಕಿ ತರಿಯ ಪಾಪುಟ್ಟು, ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ಮದ್ದು ಸೊಪ್ಪಿನ ಪಾಯಸ, ಇವನ್ನೆಲ್ಲ ಮನೆಮಂದಿ ಮಾತ್ರ ಒಳಗೆ ಕೂತು ತಿನ್ನುತ್ತಾರೆ. ನಮ್ಮ ಊಟ ಸಾಲದೇ ಎಂಬ ನಿಮ್ಮ ಪ್ರಶ್ನೆಯನ್ನು ಮಗಳಿಗಿಂತ ಮೊದಲು ಇವರಿಗೆ ಕೇಳಬೇಕು, ಅಕ್ಕಾ. ಇಂದಿರಾನಗರದಲ್ಲಿ ಇಟಲಿಯ ಹಳ್ಳಿಯೂಟಕ್ಕೆ ಜನ ಸಾಲು ನಿಲ್ಲುವುದಾದರೆ ನಮ್ಮ ಊಟಕ್ಕೂ ನಿಲ್ಲುತ್ತಾರೆ.

ಮಗಳು ರಜೆಗೆ ಬಂದಾಗ ನಿಮ್ಮ ತೋಟದ್ದೇ ಕಾಫಿ ಬೀಜ ಹುರಿದು, ಚಿಕೋರಿ ಹಾಕದೆ ಕೊಡಿ. ಹಾಲು ಕಡಿಮೆ ಇರಲಿ. ಭಾವನೂ ಕುಡಿಯಲಿ. ಹೋಂಸ್ಟೇ ನಡೆಸುವ ಓದುಗರಲ್ಲೂ ಒಂದು ಮಾತು: ನೀವು ಅತಿಥಿಗಳಿಗೆ ಬಡಿಸುವ ಊರಿನ ಅಡುಗೆಗಳ ಪಟ್ಟಿ ಬರೆದು ಕಳಿಸಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.